ನಮ್ಮೂರ ಡೆಮಾಕ್ರಟಿಕ್ ಕ್ಲಬ್: ಕನ್ನಡದ ಮನೆಗಳಿಂದ ಪದೇ ಪದೇ ಬರುವ ಪ್ರಶ್ನೆಗಳು

ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾ ಕೌಂಟಿಯಲ್ಲಿ ನಮ್ಮ ಮನೆ. ಇಲ್ಲಿನ ಒಂದು ಡೆಮಾಕ್ರಟಿಕ್ ಕ್ಲಬ್ಬಿನಲ್ಲಿ ನಾನು ಸದಸ್ಯೆ. ವಾರದ ಕೊನೆಗೆ ಫಾರ್ಮರ್ಸ್ ಮಾರ್ಕೆಟ್‌ನಲ್ಲಿ ನಾವು ಒಂದು ಮೇಜು ಹಾಕಿ ಕೂರುತ್ತೇವೆ. ಸೊಪ್ಪಿನ ಚೀಲ ಹಿಡಿದು ಹೋಗುತ್ತಿರುವ ಕನ್ನಡದವರಿಗೆ "ನಮಸ್ಕಾರ" ಅಂದರೆ ಸಾಕು, ನಿಂತುಬಿಡುತ್ತಾರೆ. ಊರು ಯಾವುದು ಅಂತ ಎರಡು ಮಾತಾದ ಮೇಲೆ ಪ್ರಶ್ನೆಗಳು ಶುರುವಾಗುತ್ತವೆ. ಹೆಚ್ಚುಕಮ್ಮಿ ಎಲ್ಲರದ್ದೂ ಅವೇ ಪ್ರಶ್ನೆಗಳು. ಅದಕ್ಕೇ ಇಲ್ಲಿ ಬರೆದಿಡುತ್ತಿದ್ದೇನೆ.

ಕ್ಲಬ್ ಅಂದ್ರೆ ಏನು? ಪಕ್ಷದ ಆಫೀಸಾ?

ಅಲ್ಲ. ಡೆಮಾಕ್ರಟಿಕ್ ಪಕ್ಷದ ಬಗ್ಗೆ ಒಲವಿರುವ ಊರಿನ ಜನ ತಾವೇ ಕಟ್ಟಿಕೊಂಡ ಸಂಘ. ಇಲ್ಲಿ ಸಂಬಳಕ್ಕೆ ಯಾರೂ ಇಲ್ಲ. ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ ಎಲ್ಲರೂ ಬೇರೆ ಕಡೆ ದುಡಿಯುವವರು ಅಥವಾ ನಿವೃತ್ತರು. ತಿಂಗಳಿಗೊಂದು ಸಭೆ, ವರ್ಷಕ್ಕೊಂದು ಸಣ್ಣ ಚಂದಾ, ಬರೆದಿಟ್ಟ ನಿಯಮಾವಳಿ. ಕೌಂಟಿ ಮಟ್ಟದಲ್ಲಿ, ಅಂದರೆ ಜಿಲ್ಲೆಯಲ್ಲಿ, ಪಕ್ಷವನ್ನು ನಡೆಸುವ ಡೆಮಾಕ್ರಟಿಕ್ ಸೆಂಟ್ರಲ್ ಕಮಿಟಿಯಿಂದ ಮಾನ್ಯತೆ ಪಡೆಯಬೇಕು. ಅದಕ್ಕೆ ಚಾರ್ಟರ್ ಅನ್ನುತ್ತಾರೆ. ಚಾರ್ಟರ್ ಸಿಕ್ಕ ಕ್ಲಬ್ ಡೆಮಾಕ್ರಟ್ ಅಭ್ಯರ್ಥಿಗಳಿಗೆ ಮಾತ್ರ ಬೆಂಬಲ ಘೋಷಿಸಬಹುದು.

ಪಕ್ಷದ ಸದಸ್ಯತ್ವ ತಗೊಳ್ಳೋದು ಹೇಗೆ? ಕಾರ್ಡ್ ಕೊಡ್ತಾರಾ?

ಊರಲ್ಲಿ ಮಿಸ್ಡ್ ಕಾಲ್ ಕೊಟ್ಟೋ ರಸೀದಿ ಹರಿಸಿಕೊಂಡೋ ಸದಸ್ಯರಾಗುತ್ತೇವೆ. ಇಲ್ಲಿ ಆ ಪದ್ಧತಿ ಇಲ್ಲ. ಮತದಾರರ ಪಟ್ಟಿಗೆ ಹೆಸರು ಸೇರಿಸುವ ಅರ್ಜಿಯಲ್ಲೇ ನಿಮ್ಮ ಒಲವು ಯಾವ ಪಕ್ಷಕ್ಕೆ ಅಂತ ಕೇಳುತ್ತಾರೆ. ಡೆಮಾಕ್ರಟಿಕ್ ಅಂತ ಗುರುತು ಹಾಕಿದರೆ ಮುಗಿಯಿತು. ಕಾರ್ಡ್ ಇಲ್ಲ, ಶುಲ್ಕ ಇಲ್ಲ, ಯಾವಾಗ ಬೇಕಾದರೂ ಬದಲಿಸಬಹುದು. ಕ್ಲಬ್ಬಿನ ಸದಸ್ಯತ್ವ ಬೇರೆ, ಅದಕ್ಕೆ ಚಂದಾ ಕಟ್ಟಬೇಕು.

ನಾನು ಎಚ್-1ಬಿ ವೀಸಾದಲ್ಲಿದ್ದೇನೆ. ಬರಬಹುದಾ?

ಬನ್ನಿ. ಆದರೆ ಯಾವುದು ಸರಿ, ಯಾವುದು ತಪ್ಪು ಅಂತ ತಿಳಿದುಕೊಂಡು ಬನ್ನಿ. ಈ ಪ್ರಶ್ನೆಗೆ ನಾನು ಯಾವಾಗಲೂ ನಿಧಾನವಾಗಿ, ಎರಡು ಸಲ ಉತ್ತರ ಹೇಳುತ್ತೇನೆ.

ಸಂಬಳವಿಲ್ಲದೆ, ಸ್ವಂತ ಬಿಡುವಿನಲ್ಲಿ ಕೆಲಸ ಮಾಡಬಹುದು. ಫೋನ್ ಮಾಡಬಹುದು, ಮನೆ ಮನೆಗೆ ಹೋಗಬಹುದು, ಪೋಸ್ಟ್‌ಕಾರ್ಡ್ ಬರೆಯಬಹುದು, ಸಭೆಯಲ್ಲಿ ಕೂತು ಕೇಳಬಹುದು. ದುಡ್ಡು ಕೊಡುವಂತಿಲ್ಲ, ಒಂದು ಡಾಲರ್ ಕೂಡ. ನೀವು ಕೊಟ್ಟ ದುಡ್ಡನ್ನು ಬೇರೆಯವರ ಹೆಸರಲ್ಲಿ ಕಟ್ಟಿಸುವುದೂ ಅಪರಾಧವೇ. ಚುನಾವಣೆಗೆ ದುಡ್ಡು ಹೇಗೆ ಖರ್ಚು ಮಾಡಬೇಕು ಅನ್ನುವ ತೀರ್ಮಾನದಲ್ಲಿ ಕೈ ಹಾಕುವಂತಿಲ್ಲ. ಹಾಗಾಗಿ ಸಭೆಯಲ್ಲಿ ಅಂಥ ವಿಷಯ ಮತಕ್ಕೆ ಬಂದಾಗ ವೀಸಾದಲ್ಲಿರುವವರು ಕೈ ಎತ್ತುವುದಿಲ್ಲ.

ಗ್ರೀನ್ ಕಾರ್ಡ್ ಇದ್ದರೆ ದೇಣಿಗೆ ಕೊಡಬಹುದು. ಕ್ಯಾಲಿಫೋರ್ನಿಯಾದಲ್ಲಿ ಮತಗಟ್ಟೆಯ ಸಿಬ್ಬಂದಿಯಾಗಿಯೂ ಕೆಲಸ ಮಾಡಬಹುದು. ಆದರೆ ವೋಟು ಹಾಕುವಂತಿಲ್ಲ. ನಾಗರಿಕರಲ್ಲದವರು ಅಧ್ಯಕ್ಷ, ಕಾಂಗ್ರೆಸ್ (ಅಮೆರಿಕದ ಸಂಸತ್ತು) ಚುನಾವಣೆಗಳಲ್ಲಿ ವೋಟು ಹಾಕಿದರೆ ಶಿಕ್ಷೆಯ ಜೊತೆಗೆ ಗಡೀಪಾರೂ ಆಗಬಹುದು. ಡ್ರೈವಿಂಗ್ ಲೈಸೆನ್ಸ್ ಮಾಡಿಸಲು ಡಿಎಂವಿಗೆ ಹೋದಾಗ ಅಲ್ಲೇ ಮತದಾರರ ನೋಂದಣಿಯ ಪ್ರಶ್ನೆಯೂ ಬರುತ್ತದೆ. ಕ್ಯೂನಲ್ಲಿ ನಿಂತು ಸುಸ್ತಾಗಿ ಸುಮ್ನೆ ಎಲ್ಲದಕ್ಕೂ ಹೌದು ಅಂತ ಒತ್ತಬೇಡಿ. ನೀವು ನಾಗರಿಕರಾ ಅನ್ನುವ ಸಾಲನ್ನು ಓದಿ ಉತ್ತರಿಸಿ.

ವೋಟಿಲ್ಲದವನಿಗೆ ಇಲ್ಲೇನು ಕೆಲಸ ಅಂತ ಬೇಜಾರಾಗುವವರಿಗೆ ನಾನು ದಲೀಪ್ ಸಿಂಗ್ ಸೌಂದ್ ಕಥೆ ಹೇಳುತ್ತೇನೆ. ಪಂಜಾಬಿನಿಂದ 1920ರಲ್ಲಿ ಓದಲು ಬಂದವರು. ಬರ್ಕ್ಲಿಯಲ್ಲಿ ಗಣಿತದಲ್ಲಿ ಡಾಕ್ಟರೇಟ್ ಪಡೆದು, ಇಂಪೀರಿಯಲ್ ಕಣಿವೆಯಲ್ಲಿ ಬೇಸಾಯ ಮಾಡಿದರು. ಭಾರತೀಯರಿಗೆ ಆಗ ಪೌರತ್ವವೇ ಸಿಗುತ್ತಿರಲಿಲ್ಲ. 1946ರಲ್ಲಿ ಕಾನೂನು ಬದಲಾಯಿತು. 1949ರಲ್ಲಿ ಅವರು ನಾಗರಿಕರಾದರು. ತಮ್ಮ ಕೌಂಟಿಯ ಡೆಮಾಕ್ರಟಿಕ್ ಸೆಂಟ್ರಲ್ ಕಮಿಟಿಯಲ್ಲಿ ದುಡಿದು, 1956ರಲ್ಲಿ ಅಮೆರಿಕದ ಕಾಂಗ್ರೆಸ್ಸಿಗೆ ಆಯ್ಕೆಯಾದ ಮೊದಲ ಏಷ್ಯನ್ ಅಮೆರಿಕನ್ ಆದರು. ನಾಗರಿಕರಾದದ್ದಕ್ಕೂ ಗೆದ್ದದ್ದಕ್ಕೂ ನಡುವೆ ಬರೀ 7 ವರ್ಷ! ಈಗ ಮಿಶಿಗನ್‌ನಿಂದ ಕಾಂಗ್ರೆಸ್ಸಿಗೆ ಹೋಗಿರುವ ಶ್ರೀ ಥಾನೇದಾರ್ ನಮ್ಮ ಚಿಕ್ಕೋಡಿಯಲ್ಲಿ ಹುಟ್ಟಿದವರು ಅನ್ನುವುದನ್ನೂ ಸೇರಿಸುತ್ತೇನೆ.

ಪಕ್ಷವೇ ಇರುವಾಗ ಕ್ಲಬ್ ಯಾಕೆ ಬೇಕು?

ಈ ಪ್ರಶ್ನೆ ನನಗೆ ತುಂಬಾ ಇಷ್ಟ. ಯಾಕಂದ್ರೆ ಉತ್ತರ ಕ್ಯಾಲಿಫೋರ್ನಿಯಾದ ಇತಿಹಾಸದಲ್ಲೇ ಇದೆ.

1913ರಿಂದ 1959ರವರೆಗೆ ಇಲ್ಲಿ ಒಬ್ಬ ಅಭ್ಯರ್ಥಿ ಎರಡೂ ಪಕ್ಷಗಳ ಪ್ರೈಮರಿಯಲ್ಲಿ, ಅಂದರೆ ಪಕ್ಷದ ಅಭ್ಯರ್ಥಿ ಯಾರು ಅಂತ ಆರಿಸುವ ಮೊದಲ ಸುತ್ತಿನ ಚುನಾವಣೆಯಲ್ಲಿ, ನಿಲ್ಲಬಹುದಿತ್ತು. ಬಹಳ ಕಾಲ ಬ್ಯಾಲೆಟ್ ಮೇಲೆ ಅವನ ಸ್ವಂತ ಪಕ್ಷ ಯಾವುದು ಅಂತ ಕೂಡ ಬರೆದಿರುತ್ತಿರಲಿಲ್ಲ. ಪರಿಚಿತ ಹೆಸರಿಗೆ ಜನ ಗುರುತು ಹಾಕಿ ಬರುತ್ತಿದ್ದರು. 1946ರಲ್ಲಿ ಅರ್ಲ್ ವಾರನ್ ಗವರ್ನರ್ ಹುದ್ದೆಗೆ ರಿಪಬ್ಲಿಕನ್ ಟಿಕೆಟ್ಟನ್ನೂ ಡೆಮಾಕ್ರಟಿಕ್ ಟಿಕೆಟ್ಟನ್ನೂ ಒಟ್ಟಿಗೇ ಗೆದ್ದರು. ಇಂಥವರು ನಮ್ಮ ಅಭ್ಯರ್ಥಿ ಅಂತ ಪ್ರೈಮರಿಗೆ ಮೊದಲು ಹೇಳಲು ಪಕ್ಷಕ್ಕೆ ಕಾನೂನಿನ ಅಡ್ಡಿ ಇತ್ತು. ಊರಿನ ಕ್ಲಬ್ಬುಗಳಿಗೆ ಆ ಅಡ್ಡಿ ಇರಲಿಲ್ಲ.

1952ರಲ್ಲಿ ಅಡ್ಲೈ ಸ್ಟೀವನ್‌ಸನ್ ಅಧ್ಯಕ್ಷ ಚುನಾವಣೆಯಲ್ಲಿ ಸೋತರು. ಆದರೆ ಅವರಿಗಾಗಿ ದುಡಿದ ಜನ ಸುಮ್ಮನೆ ಮನೆಗೆ ಹೋಗಲಿಲ್ಲ, ಊರೂರಲ್ಲಿ ಕ್ಲಬ್ ಕಟ್ಟಿದರು. 1953ರಲ್ಲಿ ಕ್ಲಬ್ಬುಗಳೆಲ್ಲ ಸೇರಿ ಕ್ಯಾಲಿಫೋರ್ನಿಯಾ ಡೆಮಾಕ್ರಟಿಕ್ ಕೌನ್ಸಿಲ್ ಆಯಿತು. ಮುಂದೆ ಸೆನೆಟರ್ ಆದ ಅಲನ್ ಕ್ರ್ಯಾನ್‌ಸ್ಟನ್ ಅದರ ಮೊದಲ ಅಧ್ಯಕ್ಷರು. 1958ರಲ್ಲಿ ಡೆಮಾಕ್ರಟ್ ಪ್ಯಾಟ್ ಬ್ರೌನ್ ಗವರ್ನರ್ ಚುನಾವಣೆ ಗೆದ್ದರು, ಮರುವರ್ಷವೇ ಆ ಎರಡು ದೋಣಿಯ ಪದ್ಧತಿ ರದ್ದಾಯಿತು. ಪಕ್ಷಗಳ ಬಾಯಿಗೆ ಹಾಕಿದ್ದ ಬೀಗವನ್ನು ಸುಪ್ರೀಂ ಕೋರ್ಟ್ 1989ರಲ್ಲಿ ತೆಗೆಯಿತು. ಆ ಕೇಸಿನಲ್ಲಿ ಮುಂದೆ ನಿಂತದ್ದು ಸ್ಯಾನ್ ಫ್ರಾನ್ಸಿಸ್ಕೋ ಕೌಂಟಿಯ ಡೆಮಾಕ್ರಟಿಕ್ ಸೆಂಟ್ರಲ್ ಕಮಿಟಿ.

ಹಳೇ ಕಥೆ ಅನ್ನಿಸಬಹುದು. ಆದರೆ ನಿಮ್ಮ ಬ್ಯಾಲೆಟ್ಟನ್ನು ಕೆಳಗಡೆ ತನಕ ನೋಡಿ. ನಗರಸಭೆ, ಶಾಲಾ ಮಂಡಳಿ, ಕೌಂಟಿ ಮೇಲ್ವಿಚಾರಕರು, ನ್ಯಾಯಾಧೀಶರು, ನೀರಿನ ಮಂಡಳಿ. ಯಾವ ಹೆಸರಿನ ಪಕ್ಕದಲ್ಲೂ ಪಕ್ಷ ಇರುವುದಿಲ್ಲ. ಇವೆಲ್ಲ ಪಕ್ಷರಹಿತ ಸ್ಥಾನಗಳು ಅಂತ ಇಲ್ಲಿನ ನಿಯಮ. ನಿಮ್ಮ ಮಗಳ ಶಾಲೆಯಲ್ಲಿ ಯಾವ ತರಗತಿ ಮುಚ್ಚಬೇಕು, ನಿಮ್ಮ ಬೀದಿಯಲ್ಲಿ ಎಷ್ಟು ಮನೆ ಕಟ್ಟಬೇಕು ಅಂತ ತೀರ್ಮಾನಿಸುವವರು ಇವರೇ. ಇವರು ಯಾರು, ಯಾವ ವಿಚಾರದವರು ಅಂತ ಎದುರು ಕೂರಿಸಿ ಕೇಳುವ ಜಾಗ ಬೇಕಲ್ವಾ? ಕ್ಲಬ್ ಮಾಡುವ ಅತಿ ದೊಡ್ಡ ಕೆಲಸ ಇದೇ ಅಂತ ನಾನು ನಂಬಿದ್ದೇನೆ.

ಎಂಡಾರ್ಸ್‌ಮೆಂಟ್ ಹೇಗೆ ನಡೆಯುತ್ತೆ? ಮೊದಲೇ ಮಾತಾಡ್ಕೊಂಡು ಬಂದಿರ್ತಾರಾ?

ಎಂಡಾರ್ಸ್‌ಮೆಂಟ್ ಅಂದರೆ ಅಭ್ಯರ್ಥಿಗೆ ಕ್ಲಬ್ಬಿನ ಬೆಂಬಲ ಘೋಷಣೆ. ಮೊದಲು ಅಭ್ಯರ್ಥಿಗಳಿಗೆ ಲಿಖಿತ ಪ್ರಶ್ನೆಗಳನ್ನು ಕಳಿಸುತ್ತೇವೆ. ಆಮೇಲೆ ಒಂದು ಸಂಜೆ ಎಲ್ಲರನ್ನೂ ಒಂದೇ ಸಾಲಲ್ಲಿ ಕೂರಿಸುತ್ತೇವೆ. ಒಬ್ಬೊಬ್ಬರಿಗೂ ಇಷ್ಟೇ ನಿಮಿಷ ಅಂತ ಗಡಿಯಾರ ಹಿಡಿದು ಒಬ್ಬರು ಮುಂದೆ ಕೂರುತ್ತಾರೆ. ನಂತರ ಸದಸ್ಯರ ಮತದಾನ. ನಮ್ಮಲ್ಲಿ ಬೆಂಬಲ ಸಿಗಲು ಬಂದ ಮತಗಳಲ್ಲಿ ಶೇ. 60 ಬೇಕು. ಯಾರಿಗೂ ಅಷ್ಟು ಬಾರದಿದ್ದರೆ ಬೆಂಬಲ ಘೋಷಣೆ ಇಲ್ಲ.

ಅಭ್ಯರ್ಥಿ ಹಿಂದಿನ ದಿನ ತನ್ನ ನೆಂಟರಿಷ್ಟರನ್ನೆಲ್ಲ ಸದಸ್ಯರನ್ನಾಗಿ ಮಾಡಿಸಿ ಮತ ಹಾಕಿಸಬಾರದು ಅಂತ ಒಂದು ನಿಯಮ ಇಟ್ಟಿದ್ದೇವೆ. ಇಷ್ಟು ದಿನ ಮೊದಲೇ ಸೇರಿರಬೇಕು. ಹೊಸಬರಿಗೆ ಇದರಿಂದ ಸ್ವಲ್ಪ ಬೇಸರವಾಗುತ್ತದೆ, ಗೊತ್ತು. ನಿಯಮ ಮಾತ್ರ ಒಳ್ಳೆಯದೇ. ಹಾಗಾಗಿ ಚುನಾವಣೆ ಹತ್ತಿರ ಬಂದ ಮೇಲೆ ಸೇರೋಣ ಅಂತ ಕಾಯಬೇಡಿ.

ರಾಜ್ಯದ ಪಕ್ಷ ತನ್ನ ಬೆಂಬಲ ಯಾರಿಗೆ ಅಂತ ತೀರ್ಮಾನಿಸುವಾಗಲೂ ಕ್ಲಬ್ಬಿಗೆ ಮತ ಇದೆ. ನೋಂದಾಯಿತ ಡೆಮಾಕ್ರಟ್ ಸದಸ್ಯರು 20 ಜನ ಇದ್ದರೆ ಒಬ್ಬ ಪ್ರತಿನಿಧಿ. ಅಂದರೆ ನೀವು, ನಿಮ್ಮ ಮನೆಯವರು, ಪಕ್ಕದ ಮನೆಯವರು ಸೇರಿದರೂ ಲೆಕ್ಕ ಬದಲಾಗುತ್ತದೆ.

ಪ್ರೈಮರಿಯಲ್ಲಿ ಡೆಮಾಕ್ರಟ್‌ಗಳೇ ಡೆಮಾಕ್ರಟ್‌ಗಳ ವಿರುದ್ಧ ನಿಲ್ತಾರಲ್ಲ, ಯಾಕೆ?

2010ರಲ್ಲಿ ಜನ ಒಪ್ಪಿದ 14ನೇ ಪ್ರೊಪೊಸಿಷನ್ (ಜನರೇ ನೇರವಾಗಿ ವೋಟು ಹಾಕಿ ತೀರ್ಮಾನಿಸುವ ಪ್ರಸ್ತಾವ) ಪ್ರಕಾರ ಪ್ರೈಮರಿಯಲ್ಲಿ ಎಲ್ಲ ಪಕ್ಷದವರೂ ಒಂದೇ ಪಟ್ಟಿಯಲ್ಲಿ ಇರುತ್ತಾರೆ. ಮೊದಲ ಇಬ್ಬರು ನವೆಂಬರ್‌ಗೆ ಹೋಗುತ್ತಾರೆ, ಇಬ್ಬರೂ ಒಂದೇ ಪಕ್ಷದವರಾದರೂ ಸರಿ. ಅಧ್ಯಕ್ಷ ಚುನಾವಣೆಗೆ ಈ ನಿಯಮ ಇಲ್ಲ.

ನಮ್ಮ ಒಂದು ವೋಟಿನಿಂದ ಏನಾಗುತ್ತೆ?

2024ರ ಮಾರ್ಚ್ ಪ್ರೈಮರಿಯಲ್ಲಿ ನಮ್ಮದೇ ಸಿಲಿಕಾನ್ ಕಣಿವೆಯಲ್ಲಿ ಏನಾಯಿತು ನೋಡಿ. 16ನೇ ಕಾಂಗ್ರೆಸ್ ಕ್ಷೇತ್ರ. ಸ್ಯಾಮ್ ಲಿಕಾರ್ಡೊ ಮೊದಲ ಸ್ಥಾನಕ್ಕೆ ಬಂದರು. ಎರಡನೇ ಸ್ಥಾನಕ್ಕೆ ಇವಾನ್ ಲೋ ಮತ್ತು ಜೋ ಸಿಮಿಟಿಯನ್. ಇಬ್ಬರಿಗೂ ಸರಿಯಾಗಿ 30,249 ಮತ. ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆ ಇಲ್ಲ. ಮರುಎಣಿಕೆ ಮಾಡಿದಾಗ ಲೋ 5 ಮತಗಳಿಂದ ಮುಂದೆ ಬಂದರು. ಆ 5 ಮತಗಳ ಮೇಲೆ ನವೆಂಬರ್ ಬ್ಯಾಲೆಟ್ಟಿನ ಹೆಸರುಗಳು ನಿರ್ಧಾರವಾದವು. ಮೂವರೂ ಡೆಮಾಕ್ರಟ್‌ಗಳೇ. ಆ ವಾರಗಳಲ್ಲಿ ಕಾಫಿ ಕುಡಿಯಲು ಕೂತವರೆಲ್ಲ ಅದೇ ಸಂಖ್ಯೆ ಹೇಳುತ್ತಿದ್ದರು.

ಮನೆ ಮನೆಗೆ ಹೋಗೋದು ಅಂದ್ರೆ ಭಯ ಆಗುತ್ತೆ. ಏನು ಮಾತಾಡ್ಬೇಕು?

ಮೊದಲ ದಿನ ಎಲ್ಲರಿಗೂ ಎದೆ ಢವಢವ ಅನ್ನುತ್ತದೆ. ಹಾಗಾಗಿ ಹೊಸಬರನ್ನು ಒಬ್ಬರನ್ನೇ ಕಳಿಸುವುದಿಲ್ಲ. ಇಬ್ಬಿಬ್ಬರು ಹೋಗುತ್ತೇವೆ. ಫೋನಿನ ಆ್ಯಪ್‌ನಲ್ಲಿ ಬೀದಿಯ ನಕ್ಷೆ, ಯಾವ ಮನೆ, ಯಾರ ಹೆಸರು ಎಲ್ಲ ಇರುತ್ತದೆ. ಬೆಲ್ ಒತ್ತಿ ಎರಡು ಹೆಜ್ಜೆ ಹಿಂದೆ ಬಂದು ನಿಲ್ಲಿ. ಬಾಗಿಲು ತೆಗೆದವರಿಗೆ ನಮ್ಮ ಮುಖ ಪೂರ್ತಿ ಕಾಣಬೇಕು. ಹೆಸರು ಹೇಳಿ, ಇದೇ ಊರಿನವರು ಅಂತ ಹೇಳಿ, ಆಮೇಲೆ ಒಂದೇ ಪ್ರಶ್ನೆ: ಈ ಸಲ ನಿಮಗೆ ಯಾವ ವಿಷಯ ಮುಖ್ಯ? ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡು ಉತ್ತರ ಕೇಳಿಸಿಕೊಳ್ಳಿ. ಬಾಯಿಪಾಠ ಮಾಡಿದ ಭಾಷಣ ಯಾರಿಗೂ ಬೇಡ.

ಮನೆಯಲ್ಲಿ ಯಾರೂ ಇಲ್ಲದಿದ್ದರೆ ಕರಪತ್ರವನ್ನು ಬಾಗಿಲ ಹಿಡಿಕೆಗೆ ಸಿಕ್ಕಿಸಿ ಬನ್ನಿ. ಅಂಚೆ ಡಬ್ಬಿಯೊಳಗೆ ಹಾಕಬೇಡಿ. ಸ್ಟಾಂಪ್ ಹಚ್ಚದ ಕಾಗದವನ್ನು ಮೇಲ್‌ಬಾಕ್ಸಿಗೆ ಹಾಕುವುದು ಇಲ್ಲಿ ಫೆಡರಲ್ ಕಾನೂನಿಗೆ ವಿರುದ್ಧ. ಊರಲ್ಲಿ ಗೇಟಿನ ಸಂದಿಯಲ್ಲಿ ಸಿಕ್ಕಿಸಿ ಅಭ್ಯಾಸ ಇರುವ ನಮಗೆ ಈ ತಪ್ಪು ಸುಲಭವಾಗಿ ಆಗುತ್ತದೆ.

ಇನ್ನೊಂದು ವ್ಯತ್ಯಾಸ. ಭಾರತದಲ್ಲಿ ಮತದಾನ ಮುಗಿಯುವ 48 ಗಂಟೆ ಮೊದಲೇ ಬಹಿರಂಗ ಪ್ರಚಾರ ನಿಲ್ಲುತ್ತದೆ. ಇಲ್ಲಿ ಕೊನೆಯ ಗಳಿಗೆಯವರೆಗೂ ಪ್ರಚಾರ ಮಾಡಬಹುದು. ಮತ ಹಾಕುವ ಜಾಗದಿಂದ 100 ಅಡಿಯೊಳಗೆ ಮಾತ್ರ ಕೂಡದು. ಅಭ್ಯರ್ಥಿಯ ಹೆಸರಿನ ಟೀ ಶರ್ಟ್, ಬ್ಯಾಡ್ಜ್ ಹಾಕಿಕೊಂಡು ಒಳಗೆ ಹೋಗಬೇಡಿ.

ಶನಿವಾರ ಮಾಡೆಸ್ಟೊಗೆ ಹೋಗ್ತೀರಂತೆ. ಅಷ್ಟು ದೂರ ಯಾಕೆ?

ನಮ್ಮ ಊರಲ್ಲಿ ಡೆಮಾಕ್ರಟ್‌ಗಳು ಜಾಸ್ತಿ. ಪೈಪೋಟಿ ಇರುವುದು ಬೆಟ್ಟದ ಆಚೆ, ಸೆಂಟ್ರಲ್ ವ್ಯಾಲಿಯಲ್ಲಿ. ಬೆಳಗ್ಗೆ ಕಾರು ಹತ್ತಿದರೆ ಆಲ್ಟಮಾಂಟ್ ಕಣಿವೆಯ ಗಾಳಿಯಂತ್ರಗಳನ್ನು ದಾಟಿ ಬಾದಾಮಿ ತೋಟಗಳ ನಡುವೆ ಇಳಿಯುತ್ತೇವೆ. ಒಂದು ಕಾರಿನಲ್ಲಿ ನಾಲ್ಕು ಜನ, ಡಬ್ಬಿಯಲ್ಲಿ ಚಿತ್ರಾನ್ನ, ಎರಡು ಬಾಟಲಿ ಮಜ್ಜಿಗೆ. ಅಲ್ಲಿನ ಸೆಪ್ಟೆಂಬರ್ ಬಿಸಿಲು ರಾಯಚೂರನ್ನು ನೆನಪಿಸುತ್ತದೆ. ಟೋಪಿ ಮರೆಯಬೇಡಿ.

ಅಲ್ಲಿನ 13ನೇ ಕಾಂಗ್ರೆಸ್ ಕ್ಷೇತ್ರದಲ್ಲಿ 2022ರಲ್ಲಿ ಡೆಮಾಕ್ರಟ್ ಆ್ಯಡಂ ಗ್ರೇ 564 ಮತಗಳಿಂದ ಸೋತರು. 2024ರಲ್ಲಿ ಅದೇ ಎದುರಾಳಿ ಜಾನ್ ಡುವಾರ್ಟೆ ಮೇಲೆ 187 ಮತಗಳಿಂದ ಗೆದ್ದರು. 187 ಅಂದರೆ ನಾಲ್ಕೈದು ಬೀದಿ. ಎರಡು ಶನಿವಾರ ನಡೆದರೆ ಒಬ್ಬರೇ ಅಷ್ಟು ಬಾಗಿಲು ತಟ್ಟಬಹುದು.

ಬ್ಯಾಲೆಟ್ ಕಳಿಸಿದ ಮೇಲೆ "ಸಹಿ ಹೊಂದುತ್ತಿಲ್ಲ" ಅಂತ ಪತ್ರ ಬಂದಿದೆ. ಏನು ಮಾಡ್ಲಿ?

ಗಾಬರಿ ಬೇಡ. ಆದರೆ ಸುಮ್ಮನೆ ಕೂರಲೂ ಬೇಡಿ.

ಕ್ಯಾಲಿಫೋರ್ನಿಯಾದಲ್ಲಿ ಪ್ರತಿ ಮತದಾರರ ಮನೆಗೂ ಬ್ಯಾಲೆಟ್ ಅಂಚೆಯಲ್ಲೇ ಬರುತ್ತದೆ. ತುಂಬಿ, ಲಕೋಟೆಯ ಮೇಲೆ ಸಹಿ ಹಾಕಿ ವಾಪಸ್ ಕಳಿಸಬೇಕು. ಆ ಸಹಿಯನ್ನು ದಾಖಲೆಯಲ್ಲಿರುವ ಹಳೆಯ ಸಹಿಯ ಜೊತೆ ಹೋಲಿಸುತ್ತಾರೆ. ಹೊಂದದಿದ್ದರೆ ಪತ್ರ ಕಳಿಸುತ್ತಾರೆ. ಅದರ ಜೊತೆ ಇರುವ ಫಾರ್ಮಿಗೆ ಸಹಿ ಹಾಕಿ, ಅದರಲ್ಲಿ ಹೇಳಿದ ದಿನದೊಳಗೆ ತಲುಪಿಸಿದರೆ ನಿಮ್ಮ ವೋಟು ಎಣಿಕೆಗೆ ಸೇರುತ್ತದೆ. ಚುನಾವಣೆ ಮುಗಿದ ಮೇಲೂ ನಮ್ಮ ಕ್ಲಬ್ಬಿನವರು ಹೀಗೆ ಪತ್ರ ಬಂದವರ ಮನೆಗೆ ಹೋಗುತ್ತಾರೆ.

ಒಂದು ಸಲ ಪಟ್ಟಿಯಲ್ಲಿ ಕನ್ನಡದ ಹೆಸರು ಕಂಡು ನಾನೇ ಹೋದೆ. ಹಾಸನದ ಕಡೆಯ ಅಜ್ಜಿ. ಬಾಗಿಲಲ್ಲೇ ಕೇಳಿದರು, "ಏನವ್ವ, ನನ್ನ ವೋಟು ಬೇಡ ಅಂತ ಕಾಗದ ಬಂದೈತಲ್ಲ?" ಒಳಗೆ ಕೂರಿಸಿ ಕಾಫಿ ಕೊಟ್ಟರು. ನೋಡಿದರೆ, ನೋಂದಣಿ ಮಾಡುವಾಗ ಮಗ ಹೇಳಿಕೊಟ್ಟ ಹಾಗೆ ಇಂಗ್ಲಿಷಿನಲ್ಲಿ ಸಹಿ ಹಾಕಿದ್ದಾರೆ. ಲಕೋಟೆಯ ಮೇಲೆ ಮಾತ್ರ ದುಂಡಗೆ, ಒತ್ತಕ್ಷರ ಸಮೇತ ಕನ್ನಡದಲ್ಲಿ ಬರೆದಿದ್ದಾರೆ. "ಇದು ನನ್ನ ಅಸಲಿ ಸಹಿ ಕಣವ್ವ" ಅಂದರು. ಫಾರ್ಮಿಗೆ ಹಳೇ ಸಹಿ ಹಾಕಿಸಿದೆವು. ಅದು ಸ್ವೀಕಾರವಾಯಿತು. ಆಮೇಲೆ ಹೊಸ ನೋಂದಣಿ ಅರ್ಜಿ ತುಂಬಿ ದಾಖಲೆಯ ಸಹಿಯನ್ನೇ ಕನ್ನಡಕ್ಕೆ ಬದಲಿಸಿದೆವು. ಪೆನ್ನು ಎತ್ತಿಟ್ಟು ಅಜ್ಜಿ ಅದನ್ನು ಒಂದು ನಿಮಿಷ ನೋಡುತ್ತಾ ಕೂತಿದ್ದರು.

ನಿಮ್ಮ ತಂದೆ ತಾಯಿಯ ಸಹಿ ವಯಸ್ಸಿಗೆ ನಡುಗುತ್ತಿದ್ದರೆ, ಬದಲಾಗಿದ್ದರೆ, ಚುನಾವಣೆಗೆ ಮೊದಲೇ ಮರುನೋಂದಣಿ ಮಾಡಿಸಿ.

ಕನ್ನಡದಲ್ಲಿ ಬ್ಯಾಲೆಟ್ ಸಿಗುತ್ತಾ?

ಫೆಡರಲ್ ಕಾನೂನಿನ ಪ್ರಕಾರ ನಮ್ಮ ಕೌಂಟಿ ಸ್ಪ್ಯಾನಿಷ್, ಚೈನೀಸ್, ವಿಯೆಟ್ನಾಮೀಸ್, ಟಗಾಲಾಗ್ ಭಾಷೆಗಳಲ್ಲಿ ಕೊಡಲೇಬೇಕು. ಆ ಪಟ್ಟಿಯಲ್ಲಿ ಕನ್ನಡ ಇಲ್ಲ. ಹಾಗಾಗಿ ನಾವು ಕೆಲವರು ಚುನಾವಣೆಗೆ ಮೊದಲು ಪ್ರೊಪೊಸಿಷನ್‌ಗಳನ್ನು ಕನ್ನಡದಲ್ಲಿ ವಿವರಿಸಲು ಕೂರುತ್ತೇವೆ. 2024ರ ನವೆಂಬರ್‌ನಲ್ಲಿ ರಾಜ್ಯಮಟ್ಟದವೇ 10 ಇದ್ದವು. ಹೌದು ಅಂದರೆ ಏನಾಗುತ್ತದೆ, ಇಲ್ಲ ಅಂದರೆ ಏನಾಗುತ್ತದೆ ಅಂತ ಮೊದಲು ಹೇಳಿ, ಕ್ಲಬ್ಬಿನ ನಿಲುವನ್ನು ಕೊನೆಗೆ, ಬೇರೆಯಾಗಿ ಹೇಳುತ್ತೇವೆ.

ಕನ್ನಡ ಕೂಟದಲ್ಲಿ, ದೇವಸ್ಥಾನದಲ್ಲಿ ಪ್ರಚಾರ ಮಾಡಬಹುದಾ?

ಬೇಡ. ಕೂಟಗಳು, ದೇವಸ್ಥಾನಗಳು ಸಾಮಾನ್ಯವಾಗಿ ತೆರಿಗೆ ವಿನಾಯಿತಿ ಪಡೆದ ಸಂಸ್ಥೆಗಳು. 1954ರಿಂದ ಇರುವ ಕಾನೂನಿನ ಪ್ರಕಾರ ಇಂಥ ಸಂಸ್ಥೆಗಳು ಯಾವ ಅಭ್ಯರ್ಥಿಯ ಪರವಾಗಿಯೂ ವಿರುದ್ಧವಾಗಿಯೂ ನಿಲ್ಲುವಂತಿಲ್ಲ. ರಾಜ್ಯೋತ್ಸವದ ವೇದಿಕೆಯಿಂದ "ಇವರಿಗೆ ವೋಟು ಹಾಕಿ" ಅಂದರೆ ಕೂಟಕ್ಕೇ ತೊಂದರೆ. ಪಕ್ಷದ ಮಾತಿಲ್ಲದೆ ಬರೀ ಮತದಾರರ ನೋಂದಣಿ ಮಾಡಿಸುವುದಕ್ಕೆ ಅಡ್ಡಿ ಇಲ್ಲ. ಅದನ್ನೂ ಸಂಘಟಕರನ್ನು ಕೇಳಿಯೇ ಮಾಡಿ. ಕೂಟ ಎಲ್ಲರದ್ದು, ರಿಪಬ್ಲಿಕನ್ ಆಗಿರುವ ಕನ್ನಡದವರದ್ದೂ ಹೌದು. ಅಲ್ಲಿ ಹೋಳಿಗೆ ತಿನ್ನುವಾಗ ಯಾರಿಗೂ ಮುಜುಗರ ಆಗಬಾರದು.

ಬಾಡಿಗೆ ಮನೆ. ಅಭ್ಯರ್ಥಿಯ ಬೋರ್ಡ್ ಹಾಕಬಹುದಾ?

ಹಾಕಬಹುದು. ಕ್ಯಾಲಿಫೋರ್ನಿಯಾದಲ್ಲಿ ಬಾಡಿಗೆದಾರರು 6 ಚದರ ಅಡಿಯವರೆಗಿನ ಬೋರ್ಡನ್ನು ಕಿಟಕಿಯಲ್ಲಿ, ಬಾಗಿಲ ಮೇಲೆ ಹಾಕಿಕೊಳ್ಳಬಹುದು. ಮನೆ ಮಾಲೀಕರ ಸಂಘ ಇರುವ ಬಡಾವಣೆಯಲ್ಲಿ ಸ್ವಂತ ಮನೆ ಇದ್ದರೆ 9 ಚದರ ಅಡಿಯವರೆಗೆ. ಬೇರೆಯವರ ಬೋರ್ಡ್ ಕೀಳಬೇಡಿ.

ಎಷ್ಟು ದುಡ್ಡು ಕೊಡಬೇಕು?

ಕೊಡಲೇಬೇಕು ಅಂತ ಇಲ್ಲ. ಕೊಟ್ಟರೆ ಹೆಸರು, ವಿಳಾಸ, ಉದ್ಯೋಗ ಕೇಳುತ್ತೇವೆ. ಅದು ಕಾನೂನು. ದೇಣಿಗೆಗೆ ತೆರಿಗೆ ವಿನಾಯಿತಿ ಸಿಗುವುದಿಲ್ಲ.

ಮಕ್ಕಳನ್ನು ಕರ್ಕೊಂಡು ಬರಬಹುದಾ?

ಖಂಡಿತ. ಪೋಸ್ಟ್‌ಕಾರ್ಡ್ ಬರೆಯುವ ದಿನ ಅವರೇ ನಮಗಿಂತ ಚುರುಕು. 16 ತುಂಬಿದ ನಾಗರಿಕ ಮಕ್ಕಳು ಮೊದಲೇ ನೋಂದಣಿ ಮಾಡಿಸಿಕೊಳ್ಳಬಹುದು, 18 ತುಂಬಿದ ದಿನ ತಾನಾಗಿ ಮತದಾರರಾಗುತ್ತಾರೆ. ಹೈಸ್ಕೂಲಿನಲ್ಲಿ ಓದುವ 16 ದಾಟಿದವರು ಮತಗಟ್ಟೆಯಲ್ಲಿ ಕೆಲಸವನ್ನೂ ಮಾಡಬಹುದು.

ಚುನಾವಣೆ ಇಲ್ಲದ ವರ್ಷ ಏನು ಮಾಡ್ತೀರಿ?

ಹೊಸಬರು ಬರಲು ಅದೇ ಒಳ್ಳೆಯ ವರ್ಷ, ಗಡಿಬಿಡಿ ಇರುವುದಿಲ್ಲ. ನಗರಸಭೆಯ ಸಭೆಗೆ ಹೋಗಿ ಎರಡು ನಿಮಿಷ ಮಾತಾಡುವುದು, ಆಹಾರ ಬ್ಯಾಂಕಿಗೆ ದವಸ ಕೂಡಿಸುವುದು, ಮುಂದಿನ ಸಲ ಶಾಲಾ ಮಂಡಳಿಗೆ ಯಾರು ನಿಲ್ಲಬಹುದು ಅಂತ ಹುಡುಕುವುದು ಎಲ್ಲ ಆಗ ನಡೆಯುತ್ತದೆ.

ಬೆಸ ಸಂಖ್ಯೆಯ ವರ್ಷಗಳಲ್ಲಿ ಪಕ್ಷದ ಒಳಗೇ ಒಂದು ಚುನಾವಣೆ ಇರುತ್ತದೆ. ರಾಜ್ಯದ 80 ಅಸೆಂಬ್ಲಿ ಕ್ಷೇತ್ರಗಳಲ್ಲಿ ಒಂದೊಂದರಿಂದ 14 ಪ್ರತಿನಿಧಿಗಳು ರಾಜ್ಯ ಪಕ್ಷಕ್ಕೆ ಆಯ್ಕೆಯಾಗುತ್ತಾರೆ. ಅಲ್ಲಿ ವೋಟು ಹಾಕುವವರು ತುಂಬಾ ಕಡಿಮೆ. ಪರಿಚಯದ ಇಪ್ಪತ್ತು ಮೂವತ್ತು ಮನೆಗಳನ್ನು ನೀವು ಕರೆತಂದರೂ ವ್ಯತ್ಯಾಸ ಕಾಣುತ್ತದೆ. ನಮ್ಮವರು ಯಾರಾದರೂ ನಿಲ್ಲಲಿ ಅಂತ ನನಗೆ ಬಹಳ ಆಸೆ.

ಮೊದಲ ಸಭೆಗೆ ಬರುವಾಗ ಏನು ತರಬೇಕು?

ಏನೂ ಬೇಡ. ಹಿಂದಿನ ಸಾಲಿನಲ್ಲಿ ಕೂತು ಒಂದು ಸಂಜೆ ನೋಡಿ. ಅರ್ಥವಾಗದ ಪದಗಳನ್ನು ಬರೆದಿಟ್ಟುಕೊಳ್ಳಿ, ಸಭೆ ಮುಗಿದ ಮೇಲೆ ಕುರ್ಚಿ ಮಡಚುತ್ತಾ ಕನ್ನಡದಲ್ಲೇ ಹೇಳಿಕೊಡುತ್ತೇನೆ. ಕುರ್ಚಿ ಮಡಚಲು ಯಾವಾಗಲೂ ಜನ ಬೇಕಾಗಿರುತ್ತಾರೆ.